ಮೂರು ರಾತ್ರಿಯ ರುಬಂಗೂರ

ಗೊರಿಲ್ಲಾಗಳ ಬೆಟ್ಟದ ಬುಡದ ಊರು ಕಿನಿಗಿಯಲ್ಲಿ ರುಬಂಗೂರನನ್ನು ಎಲ್ಲರೂ ಕರೆಯುತ್ತಿದ್ದದ್ದು ‘ಮೂರು ರಾತ್ರಿ’ ಎಂದು. ಗೊರಿಲ್ಲಾ ನೋಡಲು ಬೆಟ್ಟ ಹತ್ತುವವರ ಚೀಲ ಹೊತ್ತು ಹೊತ್ತು ಅವನ ಮಂಡಿ ಸವೆದುಹೋಗಿತ್ತು. ಆಮೇಲೆ ವಸತಿಗೃಹದ ಯಜಮಾನ ಗತೇರ ಅವನನ್ನು ಮೇಜಿನ ಹಿಂದೆ ಕೂರಿಸಿದ. ಎಷ್ಟು ದಿನ ಉಳಿಯಬೇಕು ಎಂದು ಬಂದವರು ಕೇಳಿದರೆ ಹೇಳುವುದು, ಅವರು ಹೋಗುವವರೆಗೂ ನೋಡಿಕೊಳ್ಳುವುದು, ಇಷ್ಟು ಅವನ ಕೆಲಸ.

ಬರುವವರೆಲ್ಲ ಅವಸರದವರೇ. ಒಂದು ರಾತ್ರಿ ಸಾಕಲ್ಲವೇ ಎಂದು ಕೇಳದೆ ಚೀಲ ಇಳಿಸಿದವರೇ ಇಲ್ಲ.

“ಸಾಲದು ಸ್ವಾಮಿ,” ಎಂದು ರುಬಂಗೂರ ಶುರು ಮಾಡುತ್ತಿದ್ದ. “ಮೊದಲ್ನೇ ರಾತ್ರಿ ಪ್ರಯಾಣದ ಸುಸ್ತಿಗೆ ಹೋಯ್ತು. ಮಾರನೇ ದಿನ ಬೆಟ್ಟ. ಅವು ಅರ್ಧ ಗಂಟೇಲಿ ಸಿಗಬಹುದು, ಆರು ಗಂಟೆ ಅಲೆಸಲೂಬಹುದು. ನೀವು ಬರ್ತೀರಿ ಅಂತ ಅವುಗಳಿಗೇನು ಗೊತ್ತು? ಸಿಕ್ಕಿದ್ಮೇಲೆ ನೋಡೋಕೆ ಬಿಡೋದು ಒಂದೇ ಗಂಟೆ. ಸಂಜೆ ಕೆಸರಲ್ಲಿ ಮಿಂದು ಇಳಿದೋರು ಅವತ್ತೇ ಹೊರಡೋಕಾಗುತ್ತಾ? ಎರಡನೇ ರಾತ್ರಿ ಆಯ್ತು. ಮೂರನೇದು ಕೈಯಲ್ಲಿರಲಿ. ಏನಾಗುತ್ತೋ ಯಾರಿಗೆ ಗೊತ್ತು.”

ಒಳ್ಳೆಯ ಬುದ್ಧಿಮಾತೇ. ಅದನ್ನು ಅವನು ತನಗೊಬ್ಬನಿಗೆ ಬಿಟ್ಟು ಲೋಕಕ್ಕೆಲ್ಲ ಹೇಳಿದ.

ಅವನಿಗೆ ಇದ್ದವಳು ಒಬ್ಬಳೇ ಅಕ್ಕ, ಬೆಲಾನ್ಸಿಲ. ಆ ಮನೆಯಲ್ಲಿ ಉಳಿದದ್ದೇ ಇಬ್ಬರು. ತಾಯಿಯಂತೆ ಸಾಕಿದ ಆಕೆಯನ್ನು ಗಿತರಾಮದ ಕಡೆ ಕೊಟ್ಟಿತ್ತು. ಆ ವರ್ಷದ ದೊಡ್ಡ ಮಳೆಯಲ್ಲಿ ಆಕೆಯ ಕಾಲು ನೀರು ತುಂಬಿ ಊದಿಕೊಂಡಿತು. ಎದೆ ಸೋತಿದೆ ಎಂದು ಆಸ್ಪತ್ರೆಗೆ ಸೇರಿಸಿದರು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು. ಪಕ್ಕದ ಮನೆಯ ಫೆಬ್ರೊನಿಯೇ ಚಾಪೆ ಪಾತ್ರೆ ಹೊತ್ತು ಬಂದು ಹಾಸಿಗೆಯ ಪಕ್ಕದಲ್ಲಿ ಕೂತಳು. ರುಬಂಗೂರ ಹೋದದ್ದು ಒಂದು ಶನಿವಾರ ಸಂಜೆ, ಒಂದು ಸೀಸೆ ಹುಳಿ ಹಾಲು ಹಿಡಿದುಕೊಂಡು.

“ಎಷ್ಟು ದಿನ ಇರ್ತೀಯೋ ತಮ್ಮಾ?”

“ಬೆಳಿಗ್ಗೆ ಹೊರಡ್ಬೇಕು ಅಕ್ಕಾ. ಸೋಮವಾರ ಜನ ಬರ್ತಾರೆ.”

“ಪರದೇಶದೋರಿಗೆಲ್ಲ ಮೂರು ರಾತ್ರಿ ಇರಿ ಅಂತೀಯಂತೆ. ನನಗೆ ಒಂದೇನಾ?”

“ನೀನೇನು ಗೊರಿಲ್ಲಾನಾ?”

ಬೆಲಾನ್ಸಿಲ ನಕ್ಕಳು. ನಗು ಕೆಮ್ಮಾಗಿ, ಫೆಬ್ರೊನಿ ಬೆನ್ನು ನೀವಬೇಕಾಯಿತು. “ನನ್ನ ನೋಡೋಕೆ ಯಾರೂ ಬೆಟ್ಟ ಹತ್ತಬೇಕಾಗಿಲ್ಲ ನೋಡು, ಅದಕ್ಕೇ ಸಸಾರ ಆಗ್ಬಿಟ್ಟಿದೀನಿ,” ಎಂದಳು.

ಆ ವಾರದಲ್ಲೇ ಮನೆಗೆ ಕಳಿಸಬಹುದು ಎಂದು ವೈದ್ಯರು ಹೇಳಿದ್ದರು. ಹಾಗಾದರೆ ನಾನೇ ಬಂದು ಕಿನಿಗಿಗೆ ಕರೆದುಕೊಂಡು ಹೋಗುತ್ತೇನೆ, ಯಾವ ದಿನವೆಂದು ಬಸ್ಸಿನವರ ಕೈಯಲ್ಲಿ ಚೀಟಿ ಕಳಿಸು ಎಂದು ಫೆಬ್ರೊನಿಗೆ ಹೇಳಿ ಭಾನುವಾರ ಬೆಳಿಗ್ಗೆ ಹೊರಟುಬಿಟ್ಟ. ಬಾಗಿಲ ಹತ್ತಿರ ತಿರುಗಿ ನೋಡಿದ. ಅಕ್ಕ ಕೈ ಎತ್ತಿದ್ದಳು.

ಸೋಮವಾರ ಹಾಲೆಂಡಿನ ಗಂಡ ಹೆಂಡತಿ ಬಂದರು. ಮಂಗಳವಾರ ಬೆಟ್ಟ ಇಳಿದವರೇ ಕಿಗಾಲಿಗೆ ಹೋಗುತ್ತೇವೆಂದರು. ರುಬಂಗೂರ ಬಿಡಲಿಲ್ಲ. ತನ್ನ ಪಾಠ ಒಪ್ಪಿಸಿ ಇನ್ನೊಂದು ರಾತ್ರಿಗೆ ಒಪ್ಪಿಸಿಯೇಬಿಟ್ಟ. ಗತೇರ ನಕ್ಕ.

“ಉಳಿಸ್ಕೊಂಡೋನು ನೀನು, ನೋಡ್ಕೊಳ್ಳೋನೂ ನೀನೇ. ಅವರು ಹೋದ್ಮೇಲೆ ನಿನಗೆ ರಜ.”

ಚೀಟಿ ಬಂದದ್ದು ಮಂಗಳವಾರ ಮಧ್ಯಾಹ್ನ. ಎರಡು ಬಸ್ಸು ಬದಲಾಯಿಸಿ ಬಂದಿತ್ತು. ತಂದುಕೊಟ್ಟ ಚಾಲಕನಿಗೆ ಬರೆದವರು ಯಾರೆಂಬುದೂ ಗೊತ್ತಿರಲಿಲ್ಲ. ಫೆಬ್ರೊನಿಯ ದಪ್ಪ ಅಕ್ಷರದಲ್ಲಿ ಇದ್ದದ್ದು ಇಷ್ಟೇ: ‘ಬೆಲಾನ್ಸಿಲ. ಎಜೊ. ಸಾ ಮುನಾನಿ.’

ಸಾ ಮುನಾನಿ ಎಂದರೆ ಮಧ್ಯಾಹ್ನ ಎರಡು ಗಂಟೆ, ಅದರಲ್ಲಿ ತಕರಾರಿಲ್ಲ. ಎಜೊ ಎಂಬುದೇ ಇಬ್ಬಗೆಯ ಮಾತು. ನಮ್ಮ ಕಡೆಯ ಭಾಷೆಯಲ್ಲಿ ನಾಳೆಗೂ ಎಜೊ, ನಿನ್ನೆಗೂ ಎಜೊ. ಬಂದಳು ಎಂದರೆ ನಿನ್ನೆ, ಬರುತ್ತಾಳೆ ಎಂದರೆ ನಾಳೆ, ಎಳೆಯ ಮಗುವೂ ತಪ್ಪುವುದಿಲ್ಲ. ಈ ಚೀಟಿಯಲ್ಲಿ ಬಂದಳು ಹೋದಳು ಎಂಬ ಮಾತೇ ಇರಲಿಲ್ಲ. ಮನೆಗೆ ಕಳಿಸುವ ದಿನಕ್ಕೆ ಕಾದಿದ್ದವನ ಕಣ್ಣಿಗೆ ನಾಳೆ ಬಿಟ್ಟು ಬೇರೇನೂ ಕಾಣಲಿಲ್ಲ. ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಅಂಥದ್ದನ್ನು ಯಾರು ತಾನೇ ಮುಂದಾಗಿ ಓದಿಕೊಳ್ಳುತ್ತಾರೆ?

ಅಂದು ಸಂಜೆ ಅವನಷ್ಟು ಖುಷಿಯಾಗಿದ್ದವರು ಕಿನಿಗಿಯಲ್ಲಿ ಇರಲಿಲ್ಲ. ಅಕ್ಕನಿಗೆಂದು ಮಂಚವನ್ನು ಒಲೆಯ ಪಕ್ಕಕ್ಕೆ ಎಳೆದ, ಹುರುಳಿಕಾಯಿ ಬೀಜ ನೆನೆಹಾಕಿದ, ಜೋಳದ ಹಿಟ್ಟು ತಂದಿಟ್ಟ. ನೆರೆಯವರಿಗೆಲ್ಲ ಹೇಳಿಕೊಂಡು ಬಂದ: “ನಮ್ಮಕ್ಕ ಬರ್ತಾಳೆ. ಈ ಸಲ ಮೂರು ತಿಂಗಳು ಬಿಡಲ್ಲ.”

ಬುಧವಾರ ಅತಿಥಿಗಳನ್ನು ಕಳಿಸಿ, ಒಗೆದ ಅಂಗಿ ತೊಟ್ಟು, ಗಿತರಾಮದ ಆಸ್ಪತ್ರೆ ಮುಟ್ಟಿದಾಗ ಒಂದೂವರೆ. ಅಕ್ಕನ ಹಾಸಿಗೆಯಲ್ಲಿ ಬೇರೆ ಯಾರೋ ಹೆಂಗಸು ಬೇಯಿಸಿದ ಆಲೂಗಡ್ಡೆ ತಿನ್ನುತ್ತಿದ್ದಳು. ಜಗಲಿಯಲ್ಲಿ ಫೆಬ್ರೊನಿ ಪಾತ್ರೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಳು. ಅವಳ ಕಾಲಿಗೆ ಕೆಂಪು ಮಣ್ಣು ಮೆತ್ತಿತ್ತು.

“ಹೊತ್ತಿಗೆ ಮುಂಚೇನೇ ಬಂದೆ ನೋಡು! ಅಕ್ಕ ಎಲ್ಲಿ, ಬಟ್ಟೆ ಬದಲಾಯಿಸ್ತಿದಾಳಾ?”

ಫೆಬ್ರೊನಿ ಗಂಟು ಬಿಟ್ಟು ಅವನ ಮುಖ ನೋಡಿದಳು. “ಅಣ್ಣಾ... ಚೀಟಿ ಸಿಗ್ಲಿಲ್ವಾ?”

“ಸಿಕ್ತಲ್ಲ. ಎಜೊ, ಎರಡು ಗಂಟೆಗೆ ಅಂತ.”

“ಸೋಮವಾರ ಅಣ್ಣಾ. ಸೋಮವಾರ ಎರಡು ಗಂಟೆಗೆ. ಮಂಗಳವಾರ ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಚೀಟಿ ಕೊಟ್ಟೆ.”

ಅವನು ಜೇಬಿನಿಂದ ಚೀಟಿ ತೆಗೆದು ಇನ್ನೊಮ್ಮೆ ಓದಿದ. “ಏನಾಯ್ತು ಅಂತ ಒಂದು ಮಾತು ಬರೀಬಾರದಿತ್ತೇನಮ್ಮಾ?”

“ಹೆಂಗೆ ಬರೀಲಿ? ಆ ಮಾತನ್ನ ಕಾಗದದಲ್ಲಿಟ್ಟು ಕಂಡೋರ ಕೈಲಿ ಕಳಿಸ್ತಾರಾ? ಪಕ್ಕ ಕೂತು, ಕೈ ಹಿಡ್ಕೊಂಡು ಹೇಳೋ ಮಾತು ಅದು. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರೆದೆ. ತಿಳ್ಕೋತೀರಿ ಅಂದ್ಕೊಂಡೆ.”

ಶನಿವಾರ, ಭಾನುವಾರ. ಅಕ್ಕ ಕೇಳಿದ ಮೂರು ರಾತ್ರಿಯೂ ಬೇಕಿರಲಿಲ್ಲ, ಎರಡು ಇದ್ದು ಸೋಮವಾರ ಸಂಜೆ ಹೊರಟಿದ್ದರೂ ಸಾಕಿತ್ತು. ಸೋಮವಾರ ಎರಡು ಗಂಟೆಗೆ ಅವನು ಅವಳ ತಲೆಯ ಹತ್ತಿರ ಇರುತ್ತಿದ್ದ. ಇದನ್ನು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

“ಮಣ್ಣು?” ಎಂದು ಕೇಳಿದ.

“ನಿನ್ನೇನೇ ಆಗ್ಬೇಕಿತ್ತು. ಇರೋನು ಒಬ್ಬನೇ ತಮ್ಮ, ಬರ್ಲಿ ಅಂತ ತಡೆದ್ವಿ. ಇವತ್ತು ಬೆಳಿಗ್ಗೆ ಗುಡ್ಡದ ಮೇಲೆ ಗುಂಡಿ ಪಕ್ಕದಲ್ಲಿಟ್ಕೊಂಡು, ರಸ್ತೆ ನೋಡ್ತಾ ನಿಂತಿದ್ವಿ. ಒಂಬತ್ತರವರೆಗೂ ಕಾದ್ವಿ ಅಣ್ಣಾ. ಆಮೇಲೆ ಮೋಡ ಕಟ್ತು.”

ಅಂದು ಬೆಳಿಗ್ಗೆ ಒಂಬತ್ತು ಗಂಟೆಗೆ ರುಬಂಗೂರ ವಸತಿಗೃಹದ ಅಂಗಳದಲ್ಲಿದ್ದ. ಹೊರಡಲು ಎದ್ದ ಅತಿಥಿಗಳನ್ನು, ನಿಧಾನವಾಗಿ ಕುಡೀರಿ, ನನಗೂ ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ಕೂರಿಸಿ, ಇನ್ನೊಂದು ಲೋಟ ಚಹಾ ಬಗ್ಗಿಸಿ ಕೊಡುತ್ತಿದ್ದ.