ಕಿವಿಗೆ ಒಪ್ಪಿಸಿದ ವೆಬ್‌ಸೈಟು

ಇವತ್ತು ಬೆಳಿಗ್ಗೆ ಮಾಲೂರಿನ ನನ್ನ ಅಂಗಡಿಯ ಎದುರು ಟ್ರ್ಯಾಕ್ಟರ್‌ನಿಂದ ಇಟ್ಟಿಗೆ ಇಳಿಸುತ್ತಿದ್ದರು. ಇಟ್ಟಿಗೆಗೆ ಇಟ್ಟಿಗೆ ತಾಗಿ 'ಟಣ್' ಎಂದಿತು. ಆ ಸದ್ದು ಕೇಳಿದರೆ ಸಾಕು, ಮುನಿಯಪ್ಪ ಮೇಸ್ತ್ರಿ ನೆನಪಾಗುತ್ತಾರೆ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಹೇಳಿಕೊಳ್ಳಲು ನಾಚಿಕೆಯಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಜಂಬವೇ ಇದೆ. ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿದವನು ಇವತ್ತು ನರ್ಸರಿ, ಛತ್ರಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಕಲಿತದ್ದು ಮೊಬೈಲ್ ನೋಡಿಕೊಂಡು. ಆದರೆ ಕೆಲಸದ ಗುಟ್ಟು ಹೇಳಿಕೊಟ್ಟವರು ಗೂಡಿನ ಮೇಸ್ತ್ರಿ. ಎರಡು ಇಟ್ಟಿಗೆ ಕೈಗೆ ಕೊಟ್ಟು, "ಕಣ್ ಮುಚ್ಲಾ, ತಟ್ಟು. ಬಣ್ಣ ನಂಬ್ಬೇಡ" ಎನ್ನುತ್ತಿದ್ದರು. 'ಟಣ್' ಎಂದರೆ ಬೆಂದಿದೆ. 'ದಪ್' ಎಂದರೆ ಒಳಗಿನ್ನೂ ಹಸಿ.

ನನ್ನ ಮೊದಲ ದೊಡ್ಡ ಕೆಲಸ ಶ್ರೀನಿವಾಸಪುರದ ಒಂದು ಮಾವಿನ ಸಸಿ ನರ್ಸರಿಯದು. ಏನು ಅಂದ ಅಂತೀರಿ! ಬಟನ್ ಇರಬೇಕಾದಲ್ಲೆಲ್ಲ ಮಾವಿನ ಹಣ್ಣಿನ ಚಿತ್ರ. ಮೆರೆಯಲೆಂದೇ ಟೇಕಲ್‌ಗೆ ರೈಲು ಹತ್ತಿ ಮೇಸ್ತ್ರಿಯ ಮನೆಗೆ ಹೋದೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ಕಿತ್ತುಕೊಂಡಿತ್ತು. ಕೈಯಲ್ಲೊಂದು ಹಳೇ ಫೋನು. ಬೆರಳಿಟ್ಟ ಕಡೆ ಏನಿದೆಯೋ ಅದನ್ನು ಓದಿ ಹೇಳುತ್ತಿತ್ತು.

"ಹಿತ್ತಲಿಗೆ ಹತ್ತು ಬಾದಾಮಿ ಮಾವಿನ ಸಸಿ ಬೇಕು ಕಣೋ. ತಡಿ, ನಾನೇ ಬುಕ್ ಮಾಡ್ತೀನಿ" ಎಂದರು.

ನರ್ಸರಿಯ ಪುಟ ತೆರೆದುಕೊಟ್ಟೆ. ಬೆರಳಿಟ್ಟರು, ಫೋನು "ಚಿತ್ರ" ಎಂದಿತು. ಬೆರಳು ಸರಿಸಿದರೆ ಮತ್ತೆ "ಚಿತ್ರ".

"ನಾನ್ ಮಾಡ್ಕೊಡ್ತೀನಿ ಬಿಡಣ್ಣ" ಎಂದು ಕೈಚಾಚಿದೆ.

ಅವರು ಫೋನನ್ನು ಎದೆಗೆ ಅವಚಿಕೊಂಡರು. "ಅನ್ನ ಕಲಸೋಕೊಬ್ರು, ಬಸ್ ಹತ್ಸೋಕೊಬ್ರು. ಇದಾದ್ರೂ ನನ್ ಕೈಯಾರೆ ಆಗ್ತದೆ ಅಂದ್ಕೊಂಡಿದ್ದೆ. ಏಮಿರಾ, ಹಸಿ ಇಟ್ಟಿಗೆ ತಂದಿದೀಯಲ್ಲ?" ಅವರ ಬಾಯಲ್ಲಿ ತೆಲುಗು ಬೆರೆತರೆ ಸಿಟ್ಟು ಬಂದಿದೆ ಎಂದೇ ಲೆಕ್ಕ.

ವಾಪಸ್ ರೈಲಿನಲ್ಲಿ ಕೂತು, ಆ ಪುಟದಲ್ಲಿ ಎಷ್ಟು ಚಿತ್ರಗಳಿವೆ ಎಂದು ಒಂದೊಂದಾಗಿ ಎಣಿಸಿದೆ.

ಹಠ ಹಿಡಿದು ಕೂತೆ. ಪ್ರತಿ ಚಿತ್ರಕ್ಕೂ ಫೋನು ಓದುವಂಥ ಹೆಸರು ಬರೆದೆ, ನಿಜವಾದ ಬಟನ್ ಇಟ್ಟೆ. ರಿಪೇರಿ ಅಂಗಡಿಯಿಂದ ಮೇಸ್ತ್ರಿಯದೇ ಥರದ ಹಳೇ ಫೋನು ತಂದು ನೋಡಿದರೆ, ನನ್ನ ಬ್ರೌಸರ್‌ನಲ್ಲಿ ಸಲೀಸಾಗಿ ಓಡಿದ ಈ ಹೊಸ ಪುಟ ಅದರಲ್ಲಿ ಬರೀ ಬಿಳಿ ಹಾಳೆ! ಎಲ್ಲ ಕಿತ್ತುಹಾಕಿ ತಳಪಾಯದಿಂದ ಕಟ್ಟಿದೆ. ಮೊದಲು ಅಕ್ಷರ, ಫಾರಂ, ಬಟನ್. ಅಲಂಕಾರ ಆಮೇಲೆ, ಅದು ಬಾರದೇ ಹೋದರೂ ಬುಕಿಂಗ್ ನಿಲ್ಲಬಾರದು.

ಮುಂದಿನ ವಾರ ಮೇಸ್ತ್ರಿ ಮತ್ತೆ ಬೆರಳಿಟ್ಟರು. ನಾನು ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದೆ. "ಬಾದಾಮಿ ಸಸಿ... ಎಷ್ಟು... ಬುಕ್ ಮಾಡಿ..." ಫೋನು ಒಂದು ಕ್ಷಣ ಸುಮ್ಮನಾಯಿತು. "ನಿಮ್ಮ ಹತ್ತು ಸಸಿ ಬುಕ್ ಆಗಿವೆ."

ಮೇಸ್ತ್ರಿ ಫೋನಿನ ಬೆನ್ನನ್ನು ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದರು. "ಹೂಂ, ಬೆಂದದೆ ಕಣ್ಲಾ."

ಇವತ್ತಿನ ಕೆಲಸ ಮುಳಬಾಗಿಲಿನ ಛತ್ರವೊಂದರದು. ನೋಡಲು ಲಕ್ಷಣವಾಗಿತ್ತು, ಇನ್ನೇನು ಕಳಿಸುವವನಿದ್ದೆ. ಎದುರಿನ ಇಟ್ಟಿಗೆ 'ಟಣ್' ಎಂದಿತಲ್ಲ, ಕೈ ತಡೆಯಿತು. ಛತ್ರದವರಿಗೆ ಫೋನ್ ಮಾಡಿ "ಸಂಜೆ ಆಗ್ತದೆ ಸ್ವಾಮಿ" ಎಂದೆ. ಡ್ರಾಯರ್‌ನಿಂದ ಹಳೇ ಫೋನುಗಳನ್ನು ತೆಗೆದು ಸಾಲಾಗಿಟ್ಟು, ಕಣ್ಣು ಮುಚ್ಚಿ ಬೆರಳಿಟ್ಟೆ.

ಮೊದಲನೆಯದೇ "ಚಿತ್ರ" ಎಂದಿತು. ನಕ್ಕು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ.