ದೊಡ್ಡಮ್ಮ ನೋಡದೆ ಬಂದ ಹೋರಿ ಕಾಳಗ

ಕೊರೊನಾ ಎಂಬ ಹೆಸರು ನಮ್ಮ ಕಿವಿಗೆ ಇನ್ನೂ ಬಿದ್ದಿರದ ಕೊನೆಯ ಡಿಸೆಂಬರ್ ಅದು. ಆಗ ನಾವು ಮುಂಬಯಿ ಪಕ್ಕದ ಠಾಣೆಯ ವರ್ತಕ ನಗರದ ಒಂದು ಹಳೆಯ ಕಟ್ಟಡದಲ್ಲಿದ್ದೆವು. ಪಪ್ಪ ಮಾಜಿವಾಡಾದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ನಾನು ಕಾಲೇಜಿನ ಕೊನೆಯ ವರ್ಷ. ಚರ್ಚಾಸ್ಪರ್ಧೆ ಎಂದರೆ ಊಟ ಬಿಟ್ಟು ಓಡುತ್ತಿದ್ದೆ. ಮನೆಯಲ್ಲಿ ಯಾರು ಏನು ಹೇಳಿದರೂ "ಆಧಾರ ಏನು?" ಎಂದು ಕೇಳುವುದು ನನ್ನ ಚಾಳಿ. "ಶುರುವಾಯ್ತು ಕೋರ್ಟು" ಎಂದು ಅಮ್ಮ ಅಡಿಗೆಮನೆಗೆ ಹೋಗಿಬಿಡುತ್ತಿದ್ದಳು.

ಆ ತಿಂಗಳು ಉಡುಪಿಯಿಂದ ದೊಡ್ಡಮ್ಮ ಬಂದರು. ಅಮ್ಮನ ಅಕ್ಕ. ಶಾಲೆಯಲ್ಲಿ ಟೀಚರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ತಿದ್ದಬೇಕಾದ ಪೇಪರುಗಳಿಲ್ಲದ ಮೊದಲ ರಜೆಯನ್ನು ನಮ್ಮ ಮನೆಯಲ್ಲಿ ಕಳೆಯಬೇಕೆಂದು ಅವರ ಆಸೆ. ನನ್ನ ಎದುರು ವಾದಕ್ಕೆ ನಿಲ್ಲುವವರು ನಮ್ಮ ಕುಟುಂಬದಲ್ಲಿ ಅವರೊಬ್ಬರೇ. ನಾನು ಅಭ್ಯಾಸಬಲದಿಂದ ಹಿಂದಿಯಲ್ಲಿ ಉತ್ತರ ಕೊಟ್ಟರೆ ಕೇಳಿಸದವರಂತೆ ಕಿಟಕಿಯ ಹೊರಗೆ ನೋಡುತ್ತಿದ್ದರು. "ಕನ್ನಡದಲ್ಲಿ ಗೆಲ್ಲು ಮಾರಾಯ್ತಿ, ಆಗ ಒಪ್ಪುವ" ಎನ್ನುತ್ತಿದ್ದರು. ಇವತ್ತು ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದರೆ, ಅದರಲ್ಲಿ ಆ ಒಂದು ತಿಂಗಳ ಜಗಳದ ಪಾಲು ದೊಡ್ಡದು.

ಅವರು ಬಂದ ವಾರವೇ ನಮ್ಮವರ ಕನ್ನಡ ಸಂಘವೊಂದರಲ್ಲಿ ಚರ್ಚಾಸ್ಪರ್ಧೆ ಇತ್ತು. ವಿಷಯ: ರಜೆಯಲ್ಲಿ ಪರದೇಶಕ್ಕೆ ಹೋದವರು ಅಲ್ಲಿನ ಗೂಳಿ ಕಾಳಗ ನೋಡಬೇಕೇ? ಚೀಟಿ ಎತ್ತಿದಾಗ ನನಗೆ ಬಂದದ್ದು 'ನೋಡಬೇಕು' ಎಂಬ ಪಕ್ಷ. ನಾನು ಅಲ್ಲಿಯವರೆಗೆ ಹತ್ತಿರದಿಂದ ಕಂಡ ಗೂಳಿಗಳೆಂದರೆ ಸ್ಟೇಷನ್ ರಸ್ತೆಯಲ್ಲಿ ರಿಕ್ಷಾಗಳಿಗೆ ಅಡ್ಡ ಮಲಗುವಂಥವು. ಆದರೂ ಬಾಯಿ ಇತ್ತಲ್ಲ. ಪ್ರವಾಸಿ ನ್ಯಾಯಾಧೀಶನಲ್ಲ, ಅತಿಥಿ. ಊಟ ಮಾತ್ರ ಅವರದು ಬೇಕು, ಆಚಾರ ಬೇಡ ಎಂದರೆ ಮನೆಯಲ್ಲೇ ಕೂರಬೇಕಿತ್ತು. ನೋಡದೆ ಖಂಡಿಸುವುದು ಸೋಮಾರಿಗಳ ಕೆಲಸ. ಚಪ್ಪಾಳೆ ಬಿತ್ತು, ಮೊದಲ ಬಹುಮಾನ ಬಂತು.

ವಾಪಸು ಬರುವಾಗ ದೊಡ್ಡಮ್ಮ ಕೇಳಿದರು, "ನೀನು ಹೇಳಿದ್ದರಲ್ಲಿ ನೀನು ನಂಬುವುದು ಎಷ್ಟು?"

"ಒಂದೂ ಇಲ್ಲ."

"ಹಾಗಾದ್ರೆ ತುಂಬ ಚಂದ ಹೇಳಿದಿ" ಎಂದು ನಕ್ಕರು.

ನಮ್ಮ ಎದುರು ಬಾಗಿಲಿನವರು ಸುನಂದಾ ಕಾಕೂ. ಕಾಕೂ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಶಾಲೆ ಬಿಟ್ಟ ಮೇಲೆ ನಾನು ಬೆಳೆದದ್ದೇ ಅವರ ಮನೆಯಲ್ಲಿ, ಅವರ ಅಕ್ಕಿ ಭಾಕರಿ ತಿಂದು. ಅವರ ತವರು ಕಲ್ಯಾಣದಿಂದ ಇನ್ನೂ ಒಳಗೆ ಒಂದು ಹಳ್ಳಿ. ಅಲ್ಲಿ ಅಣ್ಣ ಬಬನ್, ಅತ್ತಿಗೆ. ಅತ್ತಿಗೆಯ ಮೊನಚು ನಾಲಗೆಗೆ ಹೆದರಿ ಕಾಕೂ ತವರಿಗೆ ಹೋಗುವುದೇ ಅಪರೂಪ. 'ಮದ್ರಾಸಿಗಳ ನಡುವೆ ಇದ್ದು ಇವಳೂ ಮದ್ರಾಸಿಯಾದಳು' ಎಂದು ಅಲ್ಲಿ ಹಂಗಿಸುತ್ತಿದ್ದರಂತೆ.

ದೊಡ್ಡಮ್ಮನಿಗೆ ಮರಾಠಿ ಬಾರದು, ಕಾಕೂಗೆ ಕನ್ನಡ ಬಾರದು. ಆದರೂ ಇಬ್ಬರೂ ಮಧ್ಯಾಹ್ನವಿಡೀ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದರು. ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ ದೊಡ್ಡಮ್ಮ ಚಿಕ್ಕ ಹುಡುಗಿಯಂತೆ ಖುಷಿಯಲ್ಲಿದ್ದರು.

"ಸುನಂದನ ತವರಿನಲ್ಲಿ ಬೈಲು ಉಂಟಂತೆ. ಭಾನುವಾರ ನೋಡಲು ಬನ್ನಿ ಅಂತ ಕರೆದಿದ್ದಾಳೆ. ಇಷ್ಟಗಲ ಅಂತ ಎರಡು ಕೈ ಚಾಚಿ ತೋರಿಸಿದಳು. ಈ ಸಿಮೆಂಟು ನೋಡಿ ನೋಡಿ ಕಣ್ಣು ಒಣಗಿತು ನನಗೆ. ಒಂದು ಬೈಲು ನೋಡಿ ಬರುವ."

ನಮ್ಮ ಕಡೆ ಬೈಲು ಎಂದರೆ ಗದ್ದೆಗಳು ಹರಡಿಕೊಂಡ ಬಯಲು. ದೊಡ್ಡಮ್ಮ ಕನ್ನಡದಲ್ಲಿ ಹೇಳಿದರು, ನಾನು ಕನ್ನಡದಲ್ಲೇ ಕೇಳಿಸಿಕೊಂಡೆ. ಹುಟ್ಟಿದಾಗಿನಿಂದ ಮರಾಠಿ ಮಾತಾಡಿದ ನನ್ನ ತಲೆಗೂ ಅನುಮಾನ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ನಾವು ಮೂವರೂ ಲೋಕಲ್ ಹಿಡಿದು ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಶೇರ್ ರಿಕ್ಷಾ ಟಮಟಮ್‌ನಲ್ಲಿ ಕುಲುಕಾಡುತ್ತ ಹಳ್ಳಿ ಸೇರಿದೆವು. ಕಾಕೂ ಮದುವೆಗೆ ಉಡುವ ಹಸಿರು ಸೀರೆ ಉಟ್ಟಿದ್ದರು. ಇಷ್ಟು ವರ್ಷಗಳಲ್ಲಿ ಅವರು ತವರಿಗೆ ಅತಿಥಿಗಳನ್ನು ಕರೆದುಕೊಂಡು ಹೋಗುತ್ತಿದ್ದದ್ದು ಅದೇ ಮೊದಲು. "ನಮ್ಮ ಟೀಚರ್ ಬಾಯಿ, ಉಡುಪಿಯಿಂದ ಬಂದಿದ್ದಾರೆ" ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಬಬನ್ ಮಾಮಾ ಕೈಮುಗಿದು ಒಳಗೆ ಕರೆದರು. ಒಣಮೀನಿನ ಸಾರು, ಭಾಕರಿ, ಹೊಟ್ಟೆ ತುಂಬಾ ಊಟ.

ಊಟವಾದ ಮೇಲೆ ಮಾಮಾ ಅಂಗಳಕ್ಕೆ ಒಂದು ಹೋರಿಯನ್ನು ತಂದು ನಿಲ್ಲಿಸಿದರು. ಬಿಳಿ ಮೈ, ಚಾಚಿದ ಕೊಂಬು, ಕೊರಳಲ್ಲಿ ಗೆಜ್ಜೆ. ಹೆಸರು ಸರ್ಜಾ. ಮನೆಗೆ ಬಂದ ಹಿರಿಯರು ಕುಂಕುಮ ಹಚ್ಚಬೇಕೆಂದು ದೊಡ್ಡಮ್ಮನ ಕೈಗೆ ತಟ್ಟೆ ಕೊಟ್ಟರು. ದೊಡ್ಡಮ್ಮ ಅದರ ಹಣೆಗೆ ಅಗಲವಾಗಿ ಕುಂಕುಮ ಹಚ್ಚಿ, ಗಂಗೆದೊಗಲು ನೇವರಿಸಿ, "ಎಷ್ಟು ಸಾಧು ನೋಡು ಪಾಪ" ಎಂದರು. ಆಮೇಲೆ ಎಲ್ಲರೂ ಗದ್ದೆಯ ಕಡೆ ಹೊರಟೆವು. ಅಲ್ಲಿ ಊರಿನ ಗಂಡಸರೆಲ್ಲ ಸುತ್ತುಗಟ್ಟಿ ನಿಂತಿದ್ದರು. ನಡುವೆ ಖಾಲಿ ಮಣ್ಣು. ನಮಗೆಂದು ಒಂದು ಕಡೆ ಜಾಗ ಬಿಟ್ಟು ಪ್ಲಾಸ್ಟಿಕ್ ಕುರ್ಚಿಗಳು. ಆಚೆ ಕಡೆಯಿಂದ ಇನ್ನೊಂದು ಹೋರಿ, ಕಪ್ಪನೆಯದು, ಹಗ್ಗ ಜಗ್ಗುತ್ತ ಬಂತು. ಯಾರೋ 'ಝುಂಜ್, ಝುಂಜ್' ಎಂದು ಕೂಗಿದರು. ಝುಂಜ್ ಎಂದರೆ ಕಾಳಗ. ಆಗ ಹೊಳೆಯಿತು ನನಗೆ. ಮರಾಠಿಯಲ್ಲಿ ಬೈಲ್ ಎಂದರೆ ಎತ್ತು, ಹೋರಿ.

"ದೊಡ್ಡಮ್ಮ, ಏಳಿ. ಹೋಗುವ."

"ಎಲ್ಲಿಗೆ?"

"ಮನೆಗೆ. ಇವರು ಕರೆದದ್ದು ಬೈಲು ನೋಡಲಿಕ್ಕಲ್ಲ, ಹೋರಿ ಕಾಳಗ ನೋಡಲಿಕ್ಕೆ."

"ಹಾಗಾದ್ರೆ ಸುನಂದ ಎರಡು ಕೈ ಚಾಚಿ ತೋರಿಸಿದ್ದು?"

"ಕೊಂಬು."

ದೊಡ್ಡಮ್ಮನಿಗೆ ನಗು ಉಕ್ಕಿ ಬಂತು. ಮರುಕ್ಷಣ ಬೆರಳಿನಲ್ಲಿದ್ದ ಕುಂಕುಮ ಕಣ್ಣಿಗೆ ಬಿತ್ತು. "ಇದಕ್ಕಾ ನನ್ನ ಹತ್ರ ಹಚ್ಚಿಸಿದ್ದು?"

"ಅದಕ್ಕೇ ಹೇಳ್ತಿದ್ದೇನೆ. ಇದು ಕಾನೂನಿಗೆ ವಿರುದ್ಧ. ಕೂತರೆ ನಾವೂ ಸೇರಿದ ಹಾಗೆ. ನೋಡುವವರು ಇದ್ದಾರೆ ಅಂತಲೇ ಅಲ್ವಾ ಇದು ನಡೆಯುವುದು?"

"ಮೊನ್ನೆ ಬೇರೆ ಹೇಳಿದ್ದಿಯಲ್ಲ. ಪ್ರವಾಸಿ ನ್ಯಾಯಾಧೀಶ ಅಲ್ಲ ಅಂತ."

"ಅದು ಚೀಟಿಯಲ್ಲಿ ಬಂದದ್ದು!"

"ಇದು?"

"ಇದು ನನ್ನದೇ."

"ಸರಿ. ನಾವು ಎದ್ದು ಹೋದರೆ ಅವು ಕಾದಾಡುವುದು ನಿಲ್ತದಾ?"

"ಇಲ್ಲ. ಆದರೆ ಅದರಲ್ಲಿ ನಮ್ಮ ಪಾಲು ಇರುವುದಿಲ್ಲ."

"ಸುನಂದನ ಪಾಲಿಗೆ ಎಂತ ಉಳಿತದೆ?"

ನಾನು ತಿರುಗಿ ನೋಡಿದೆ. ಕಾಕೂ ಅತ್ತಿಗೆಯ ಪಕ್ಕದಲ್ಲಿ ನಿಂತು ನಮ್ಮ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದರು. ಮುಖದಲ್ಲಿ ನಾನು ಎಂದೂ ಕಾಣದ ಹೆಮ್ಮೆ. ನಾವು ಎದ್ದು ನಡೆದರೆ ಆ ಮುಖ ಏನಾಗುತ್ತದೆಂದು ಊಹಿಸುವುದು ಕಷ್ಟವಿರಲಿಲ್ಲ.

"ಪೊಲೀಸರಿಗೆ ಫೋನ್ ಮಾಡ್ತೇನೆ" ಎಂದೆ, ಹಟಕ್ಕೆ.

"ಮಾಡು. ಆದ್ರೆ ಮೊದಲು ಅವಳ ಎದುರು ಹೋಗಿ ನಿಂತು ಹೇಳು, ಮತ್ತೆ ಮಾಡು."

ಫೋನ್ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಹೋರಿಗಳ ಹಗ್ಗ ಬಿಚ್ಚುವ ಗಲಾಟೆ ಎದ್ದಿತು. ದೊಡ್ಡಮ್ಮ ಎದ್ದರು. ಹೊರಡುತ್ತಾರೆಂದೇ ನಾನು ಅಂದುಕೊಂಡೆ. ಅವರು ಕುರ್ಚಿಯನ್ನು ಎತ್ತಿ ಪೂರ್ತಿ ಹಿಂದಕ್ಕೆ ತಿರುಗಿಸಿಟ್ಟು, ಕಣಕ್ಕೆ ಬೆನ್ನು ಹಾಕಿ, ಸೆರಗು ಸರಿಮಾಡಿಕೊಂಡು ಕೂತರು. ಮುಂದೆ ಕೊಯ್ಲಾದ ಗದ್ದೆಗಳು ಗುಡ್ಡದವರೆಗೆ ಹರಡಿದ್ದವು.

ಬಬನ್ ಮಾಮಾ ಓಡಿಬಂದರು. "ಬಾಯಿ, ಬೈಲ್ ತಿಕಡೆ! ಆ ಕಡೆ!"

ದೊಡ್ಡಮ್ಮ ತಮ್ಮ ಹಿಂದಿಯಲ್ಲಿ ಶಾಂತವಾಗಿ ಹೇಳಿದರು, "ಹಮ್ ಬೈಲು ದೇಖ್ನೇಕೋ ಆಯಾ ಭಯ್ಯಾ. ಹಮಾರಾ ಬೈಲು ಇಧರ್ ಹೈ."

ಮಾಮಾ ನನ್ನ ಮುಖ ನೋಡಿದರು. ನಮ್ಮ ಭಾಷೆಯಲ್ಲಿ ಬೈಲು ಎಂದರೆ ಗದ್ದೆ ಎಂದು ನಾನು ಮರಾಠಿಯಲ್ಲಿ ವಿವರಿಸಬೇಕಾಯಿತು. ಅವರು ಕೂಳೆ ತುಂಬಿದ ಗದ್ದೆಯನ್ನೊಮ್ಮೆ, ದೊಡ್ಡಮ್ಮನನ್ನೊಮ್ಮೆ ನೋಡಿ, "ಅದರಲ್ಲಿ ನೋಡುವುದಕ್ಕೆ ಏನಿದೆ?" ಎಂದು ತಲೆ ಕೊಡವಿ ಹೋದರು.

"ಅಗಂ ಸುನಂದೇ," ಅತ್ತಿಗೆ ಎಲ್ಲರಿಗೂ ಕೇಳುವಂತೆ ಕೂಗಿದಳು, "ನಿನ್ನ ಮದ್ರಾಸಿ ಅತಿಥಿ ಥಿಯೇಟರಿನಲ್ಲಿ ಪರದೆಗೆ ಬೆನ್ನು ಹಾಕಿ ಕೂರುವವಳಾ?" ಸುತ್ತ ನಿಂತವರು ಗೊಳ್ಳೆಂದರು.

ಕಾಕೂ ನಮ್ಮ ಕಡೆ ಬಂದರು. ಮುಖ ಕೆಂಪಾಗಿತ್ತು. ಬೈಯುತ್ತಾರೆಂದು ನಾನು ಸಿದ್ಧಳಾದೆ, ಉತ್ತರವೂ ಸಿದ್ಧವಿತ್ತು. ಅವರು ದೊಡ್ಡಮ್ಮನನ್ನು, ದೊಡ್ಡಮ್ಮ ನೋಡುತ್ತಿದ್ದ ಗದ್ದೆಯನ್ನು ನೋಡಿದರು. ಆಮೇಲೆ ಒಂದು ಕುರ್ಚಿ ಎಳೆದು, ಅದನ್ನೂ ತಿರುಗಿಸಿ, ದೊಡ್ಡಮ್ಮನ ಪಕ್ಕದಲ್ಲಿ ಕೂತರು. ನಾನೂ ಕೂತೆ.

ಹೀಗೆ ನಾನು ಹೋರಿ ಕಾಳಗವನ್ನು ಕೇಳಿದೆ, ನೋಡಲಿಲ್ಲ. ಬೆನ್ನ ಹಿಂದೆ ಕೊಂಬಿಗೆ ಕೊಂಬು ತಾಗುವ ಒಣ ಸದ್ದು, ಸಿಳ್ಳೆ, ಏದುಸಿರು. ಧೂಳು ಬಂದು ನಮ್ಮ ಹೆಗಲ ಮೇಲೆ ಕೂರುತ್ತಿತ್ತು. ಇವರಿಬ್ಬರು ಮಾತ್ರ ಗದ್ದೆಯ ಮಾತಾಡುತ್ತಿದ್ದರು. ಭತ್ತ ಕೊಯ್ದ ಮೇಲೆ ನಾವು ಉದ್ದು ಹಾಕುತ್ತೇವೆ ಎಂದು ದೊಡ್ಡಮ್ಮ ಕನ್ನಡದಲ್ಲಿ. ನಾವು ವಾಲ್ ಹಾಕುತ್ತೇವೆ ಎಂದು ಕಾಕೂ ಮರಾಠಿಯಲ್ಲಿ, ಅವರೆ ಬಳ್ಳಿಯ ಕಡೆ ಕೈ ತೋರಿಸಿ. ಹಿಂದೆ ಗದ್ದಲ ಏರಿದಷ್ಟೂ ಇಬ್ಬರೂ ದನಿ ಏರಿಸಿದರು, ನಿಲ್ಲಿಸಲಿಲ್ಲ.

ಇದ್ದಕ್ಕಿದ್ದಂತೆ 'ಪಳಾಲಾ, ಪಳಾಲಾ' ಎಂಬ ಬೊಬ್ಬೆ. ಓಡಿತು, ಓಡಿತು! ನೆಲ ಅದುರಿತು. ನಾನು ಪಕ್ಕಕ್ಕೆ ಹಾರಿದ್ದಷ್ಟೇ ನೆನಪು. ನನ್ನ ಕುರ್ಚಿ ಮುರಿದು ಅತ್ತ ಬಿತ್ತು. ಸರ್ಜಾ ನಮ್ಮ ನಡುವಿನಿಂದಲೇ ನುಗ್ಗಿ ಗದ್ದೆಗೆ ಇಳಿದಿತ್ತು. ಇನ್ನೊಂದು ಗೇಣು ಈಚೆಗೆ ಬಂದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಅದು ಅವರೆ ಬಳ್ಳಿಗಳ ನಡುವೆ ನಿಂತಿತು. ಪಕ್ಕೆಗಳು ಏರಿಳಿಯುತ್ತಿದ್ದವು, ಕಿವಿಯ ಬುಡದಲ್ಲಿ ರಕ್ತ. ಕಾಳಗದಲ್ಲಿ ಬೆನ್ನು ತಿರುಗಿಸಿ ಓಡಿದ ಹೋರಿ ಸೋತ ಹಾಗೆ. ಬಬನ್ ಮಾಮಾ ಸೋತಿದ್ದರು.

ಅತ್ತಿಗೆಗೆ ಕಾರಣ ಸಿಕ್ಕಿಬಿಟ್ಟಿತು. "ಅತಿಥಿ ಬೆನ್ನು ತೋರಿಸಿದಳು, ಹೋರಿಯೂ ಬೆನ್ನು ತೋರಿಸಿತು! ಕುಂಕುಮ ಹಚ್ಚಿದ ಕೈಯೇ ಅಂಥದ್ದು."

ಇದು ಎಂಥ ತರ್ಕದೋಷ ಎಂದು ಹೇಳಲು ನಾನು ಬಾಯಿ ತೆರೆದೆ. ಕಾಕೂ ನನಗಿಂತ ಮೊದಲೇ ತಿರುಗಿ ನಿಂತರು. ಅತ್ತಿಗೆಗೆ ಅವರು ಎದುರುತ್ತರ ಕೊಟ್ಟದ್ದನ್ನು ಅಲ್ಲಿದ್ದ ಯಾರೂ ಅದುವರೆಗೆ ಕೇಳಿರಲಿಲ್ಲವೆಂದು ಎಲ್ಲರೂ ತಿರುಗಿ ನೋಡಿದ ರೀತಿಯೇ ಹೇಳಿತು.

"ಶಹಾಣಾ ಆಹೇ ಸರ್ಜಾ, ಜಾಣ ಅವನು. ಇಷ್ಟು ಜನರಲ್ಲಿ ಬುದ್ಧಿ ಬಂದದ್ದು ಅವನಿಗೊಬ್ಬನಿಗೇ" ಎಂದರು.

ಅದಕ್ಕೆ ಬೆಲೆ ಅವತ್ತೇ ತೆರಬೇಕಾಯಿತು. ಮಗಳು ತವರಿನಿಂದ ಹೊರಡುವಾಗ ಮಡಿಲು ತುಂಬಿ ಕಳುಹಿಸುವುದು ಅವರಲ್ಲೂ ಕ್ರಮ. ಅತ್ತಿಗೆ ಬಾಗಿಲಿಗೆ ಬರಲೇ ಇಲ್ಲ. ಬಬನ್ ಮಾಮಾ ಸರ್ಜಾನ ಗಾಯಕ್ಕೆ ಅರಿಶಿನ ಮೆತ್ತುತ್ತ ಕೊಟ್ಟಿಗೆಯಲ್ಲೇ ಉಳಿದರು. ಕಾಕೂ ಅಂಗಳದಲ್ಲಿ ಸ್ವಲ್ಪ ಕಾದು, ಬರಿ ಸೆರಗು ಹೊದ್ದು ನಡೆದರು. ಟಮಟಮ್‌ನಲ್ಲಿ ನಾನು ತರ್ಕದೋಷದ ವಿಷಯ ಎತ್ತಲು ಹೋದಾಗ ದೊಡ್ಡಮ್ಮ ನನ್ನ ತೊಡೆ ಚಿವುಟಿದರು.

ಕಲ್ಯಾಣ ಸ್ಟೇಷನ್ನಿನ ಹೊರಗೆ ದೊಡ್ಡಮ್ಮ ನಮ್ಮನ್ನು ನಿಲ್ಲಿಸಿ ಅಂಗಡಿಗಳ ಸಾಲಿಗೆ ನುಗ್ಗಿದರು. ಬಂದಾಗ ಕೈಯಲ್ಲಿ ತೆಂಗಿನಕಾಯಿ, ಒಂದು ಹಸಿರು ರವಿಕೆ ಕಣ, ವೀಳ್ಯದೆಲೆ, ಅಕ್ಕಿಯ ಪೊಟ್ಟಣ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕಾಕೂವನ್ನು ಕೂರಿಸಿ ಸೆರಗು ಹಿಡಿಸಿದರು. "ಹಮ್ ತುಮ್ಹಾರಾ ಅಕ್ಕ ಹೈ. ರೋನಾ ನಹೀಂ" ಎಂದು ಹೇಳುತ್ತ ತಾವೇ ಅತ್ತರು. ಹಿಂದೊಮ್ಮೆ ಕಾಲೇಜಿನಲ್ಲಿ ಇಂಥ ಆಚಾರಗಳ ವಿರುದ್ಧ ಭಾಷಣ ಮಾಡಿ ಬಹುಮಾನ ಗೆದ್ದವಳು ನಾನು. ಗಾಡಿ ಬಂತು, ಹೋಯಿತು. ಜನ ನಮ್ಮನ್ನು ಸುತ್ತಿಕೊಂಡು ಓಡಿದರು. ನಾನು ಮೂವರ ಚೀಲಗಳನ್ನು ಹಿಡಿದುಕೊಂಡು ನಿಂತಿದ್ದೆ, ಒಂದು ಆಕ್ಷೇಪವನ್ನೂ ಎತ್ತದೆ.

ಮುಂದಿನ ವರ್ಷ ದೀಪಾವಳಿಯಲ್ಲಿ, ಅಣ್ಣ ತಂಗಿಯರ ಹಬ್ಬವಾದ ಭಾವುಬೀಜಕ್ಕೆ ಬಬನ್ ಮಾಮಾ ತಂಗಿಯ ಮನೆಗೆ ಬರಲಿಲ್ಲ. ಅದಕ್ಕೆ ಕಾರಣ ಕೋಪವೋ ಕೊರೊನಾವೋ, ಇಂದಿಗೂ ಸಾಬೀತಾಗಿಲ್ಲ. ನಮ್ಮ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಯಿತು. ನಾವು ಡೊಂಬಿವಿಲಿಗೆ ಬಂದೆವು, ಕಾಕೂ ಮಗನ ಜೊತೆ ಕಲ್ಯಾಣಕ್ಕೆ ಹೋದರು. ಎದುರು ಬಾಗಿಲು ಎಂಬುದು ಈಗ ನಮ್ಮ ಬದುಕಿನಲ್ಲಿ ಇಲ್ಲ. ಇಲ್ಲಿ ಎದುರಿಗಿರುವುದು ಲಿಫ್ಟು. ದೊಡ್ಡಮ್ಮ ಉಡುಪಿಯಿಂದ ಫೋನಿನಲ್ಲಿ ನನ್ನೊಡನೆ ಇನ್ನೂ ಜಗಳವಾಡುತ್ತಾರೆ.

ಆಫೀಸಿನ ಗೆಳತಿಯೊಬ್ಬಳು ಈ ವರ್ಷ ಸ್ಪೇನಿಗೆ ಹೋಗುವವಳಿದ್ದಳು. ಗೂಳಿ ಕಾಳಗದ ಟಿಕೆಟ್ ತೆಗೆಯಲೇ ಎಂದು ಕೇಳಿದಳು. ಬೇಡ ಎಂದೆ, ಯೋಚಿಸದೆ. ಅದರಲ್ಲಿ ನನಗೆ ಇಂದು ಎರಡು ಪಕ್ಷಗಳಿಲ್ಲ. ಆದರೆ ಆ ಮಾತಿನ ನಡುವೆ ನನಗೆ ಕಾಕೂವಿನ ನೆನಪು ಎಷ್ಟು ಬಂತೆಂದರೆ, ಅಂದು ರಾತ್ರಿಯೇ ಫೋನ್ ಮಾಡಿದೆ. ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಕೇಳಿಯೂ ಬಿಟ್ಟೆ. ಅವತ್ತು ನಾವು ಬರದಿದ್ದರೆ ಚೆನ್ನಾಗಿತ್ತಾ ಕಾಕೂ?

"ಹುಚ್ಚಿ," ಎಂದರು ಅವರು. "ಬಬನ್ ದಾದಾ ಆ ಗದ್ದೆಗಳನ್ನೆಲ್ಲ ಬಿಲ್ಡರಿಗೆ ಕೊಟ್ಟುಬಿಟ್ಟ. ಹೋದ ವಾರ ನೋಡಿಬಂದೆ. ಗುಡ್ಡದವರೆಗೂ ತಗಡಿನ ಬೇಲಿ. ಹುಟ್ಟಿ ಬೆಳೆದ ಮಣ್ಣು ಅದು. ಆದರೆ ಒಂದು ದಿನವೂ ನಾನು ಕೂತು ಅದನ್ನು ನೋಡಿರಲಿಲ್ಲ ಕಣೇ. ಅವತ್ತು ನಿನ್ನ ದೊಡ್ಡಮ್ಮನ ಪಕ್ಕದಲ್ಲಿ ಕೂತು ನೋಡಿದ್ದೊಂದೇ."