ಬೆಳಕು ಉಣ್ಣೂ ಹೂವಿಗೆ ಆಯಿ ರೊಟ್ಟಿ ತಿನಿಸಿದ್ದು

ರೋಣದಾಗ ಸಮುದ್ರ ಎಲ್ಲೈತಿ ಅಂತ ಯಾರರ ಕೇಳಿದ್ರ, ನಮ್ಮ ಪಡಸಾಲ್ಯಾಗ ಐತಿ, ಚಪ್ಪಲಿ ಹೊರಗ ಬಿಟ್ಟು ಬರ್ರಿ ಅಂತೀನಿ ನಾ. ಹುಬ್ಬಳ್ಳ್ಯಾಗಿರೂ ನಮ್ಮ ಮಾವ ಬಾಡಗಿ ಮನಿ ಬದಲಿ ಮಾಡಿದ. ಹೊಸ ಮನಿ ಮಾಲಕ, ಮ್ಯಾಲಿನ ಮಾಳಗಿಗೆ ಅಷ್ಟು ನೀರಿನ ಭಾರ ಬ್ಯಾಡ ಅಂದನಂತ. ಹಿಂಗಾಗಿ ಮಾವನ ಗಾಜಿನ ತೊಟ್ಟಿ, ಅದರಾಗಿನ ಕಲ್ಲು, ಉಪ್ಪುನೀರಿನ ಕ್ಯಾನು, ಎಲ್ಲಾ ಟೆಂಪೋದಾಗ ಕುಂತು ನರಗುಂದ ದಾಟಿ ನಮ್ಮನಿಗೆ ಬಂದ್ವು. ನರಗುಂದದಾಗ ಚಾ ಕುಡ್ಯಾಕ ನಿಂತಾಗ ಇಡೀ ಊರ ಟೆಂಪೋಕ್ಕ ಮುತ್ತಿಗಿ ಹಾಕಿತ್ತು ಅಂತ ಸಾಲ್ಯಾಗ ಹೇಳೀನಿ. ಬಂದು ನೋಡಿದ್ದು ಒಂದ ಆಕಳು.

ತೊಟ್ಟಿಯಾಗ ಎರಡು ಜೋಕರ್ ಮೀನು ಇದ್ವು. ಕೇಸರಿ ಮೈ, ಅದರ ಮ್ಯಾಲ ವಿಭೂತಿ ಪಟ್ಟಿ ಹಚ್ಚಿದಂಗ ಬಿಳಿ ಗೆರಿ. ಅವುಗಳ ಜೋಡಿ ಕಲ್ಲಿಗೆ ಅಂಟಿಕೊಂಡು ಒಂದು ಮುದ್ದಿ ಕುಂತಿತ್ತು. ನೀರಿನ್ಯಾಗ ಬಿದ್ದ ರೊಟ್ಟಿಹಿಟ್ಟು ನೋಡ್ರಿ, ಹಂಗ. ಇದನ್ನ ಹೊತ್ತು ತರಾಕ ಅಷ್ಟು ದೂರದಿಂದ ಬಂದೇನು ಅಂತ ಅಪ್ಪ ಮಾವನ್ನ ಕಾಡಿಸಿದ. ಮಾವ ನೀಲಿ ಲೈಟ್ ಹಚ್ಚಿದ.

ಸ್ವಲ್ಪ ಹೊತ್ತಿಗೆ ಮುದ್ದಿ ಬಿಚ್ಚಾಕ ಹತ್ತಿತು. ಒಂದೊಂದ ಬೆರಳು ಹೊರಗ ಬಂತು, ಬಂದು ಉದ್ದ ಆತು, ತುದಿಗೆ ಗುಳ್ಳಿ ಉಬ್ಬಿದ್ವು. ಕಡೀಕ ಆ ಮುದ್ದಿ ಸಮುದ್ರದ ಹೂವಾಗಿ ಗಾಳಿಗೆ ಬಿದ್ದ ಜ್ವಾಳದ ಹೊಲದಂಗ ತೂಗಾಕ ಹತ್ತಿತು. ಅದರಾಗ ಆ ಎರಡೂ ಮೀನು ಹೊಕ್ಕು, ಕೌದ್ಯಾಗ ಹುಡುಗರು ಉಳ್ಳ್ಯಾಡಿದಂಗ ಉಳ್ಳ್ಯಾಡಿದ್ವು. ನಮ್ಮಪ್ಪ ಕಡ್ಲಿ ವ್ಯಾಪಾರಿ. ಎಂಥಾ ಮಾಲ ಕಂಡ್ರೂ ಅದಕ್ಕೊಂದು ಕೊಂಕು ತಗೀತಾನ. ಅವತ್ತು ಅವನ ಬಾಯಿ ಬಂದ್ ಆಗಿದ್ದನ್ನ ನಾ ಹುಟ್ಟಿದಾಗಿನಿಂದ ಮೊದಲನೇ ಸಲ ನೋಡಿದೆ.

ಬ್ಯಾರೆ ಮೀನು ಮುಟ್ಟಿದ್ರ ಹೂವು ಕುಟುಕಿ ಹಿಡಕೊಂಡು ನುಂಗತೈತಿ, ಇವೆರಡಕ್ಕ ಮಾತ್ರ ಏನೂ ಮಾಡಂಗಿಲ್ಲ ಅಂದ ಮಾವ. ನಾ ಬೆರಳು ಹಾಕಿ ನೋಡಿದೆ. ಬೆಲ್ಲದ ಪಾಕದಂಗ ಜಿಗಿ ಹಿಡೀತು. ಈ ಸುದ್ದಿ ಸಾಲಿಗೆ ಮುಟ್ಟೂದ್ರಾಗ ಅದು ನನ್ನ ಮೊಣಕೈ ತನಕ ಎಳಕೊಂಡಿತ್ತು. ಮಾವ ಇನ್ನೊಂದು ಹೇಳಿದ: ದೊಡ್ಡ ಮೀನು ಹೆಂಡತಿ, ಸಣ್ಣದು ಗಂಡ, ಹೆಂಡತಿ ಸತ್ರ ಗಂಡ ತಾನ ಹೆಣ್ಣಾಗತೈತಿ. ನಮ್ಮ ಆಯಿ, ಅಂದ್ರ ಅಪ್ಪನ ಅವ್ವ, ಇದನ್ನ ಕೇಳಿ ಅಪ್ಪನ್ನ ಭಾಳ ಹೊತ್ತು ನೋಡಿದ್ಲು. "ಹಂಗಾದ್ರೂ ಇವ ಒಂದೀಟು ಅಡಗಿ ಕಲೀತಿದ್ದ" ಅಂದ್ಲು.

ಆಯಿಗೆ ತಡಕೊಳ್ಳಾಕ ಆಗದ್ದು ಬ್ಯಾರೇನ. ಇದು ಹೂವಲ್ಲ, ಜೀವ. ಆದ್ರ ಹೆಚ್ಚಾಗಿ ಬೆಳಕಿನ ಮ್ಯಾಲ ಬದಕತೈತಿ, ಇದಕ್ಕ ಊಟ ಹಾಕೂದು ಬ್ಯಾಡ ಅಂತ ಮಾವ ಹೇಳಿ ಹೋಗಿದ್ದ. ನಮ್ಮ ಆಯಿ ಮುಂಜಾನಿ ಆಕಳಿಗೆ, ನಾಯಿಗೆ, ಗುಬ್ಬಿಗೆ ತುತ್ತು ಹಾಕದ ತಾ ತಿನ್ನಾಕಿ ಅಲ್ಲ. ಬೆಳಕು ಉಂಡು ದಿನಾ ದೂಡೂ ಗತಿ ನಮ್ಮನ್ಯಾಗ ಯಾರಿಗೂ ಬಂದಿಲ್ಲ ಅಂತ ಹೇಳಿ, ನಾ ಸಾಲಿಗೆ ಹೋದಾಗ ಜ್ವಾಳದ ರೊಟ್ಟಿ ಚೂರಿಗೆ ಬೆಣ್ಣಿ ಹಚ್ಚಿ ತೊಟ್ಟಿಯಾಗ ಬಿಟ್ಟಾಳ. ಹೂವು ಬೆರಳು ಮಡಚಿ ಅದನ್ನ ಒಳಗ ತಗೊಂಡೇತಿ. ಆಯಿ ಅದನ್ನ ಹೇಳೂಮುಂದ ಎಲೆಕ್ಷನ್ ಗೆದ್ದಂಗ ಇತ್ತು ಮಾರಿ. ನಾನೂ ಜಗತ್ತಿನ್ಯಾಗ ರೊಟ್ಟಿ ತಿನ್ನೂ ಸಮುದ್ರದ ಹೂವು ನಮ್ಮದೊಂದ ಅಂತ ಶಿರೋಳದ ತನಕ ಸುದ್ದಿ ಹಬ್ಬಿಸಿದೆ.

ದಿನಾ ರೊಟ್ಟಿ ಬಿತ್ತು. ಆಮ್ಯಾಲ ಒಂದು ಮುಂಜಾನಿ ನೋಡಿದ್ರ ನೀರಿನ ಮ್ಯಾಲ ಬೆಣ್ಣಿ ತೇಲತೈತಿ, ಹೂವು ಮುದುಡಿ ಒಂದು ಮಗ್ಗಲಾಗಿ ಜೋತು ಬಿದ್ದೈತಿ. ತಿಂದ ರೊಟ್ಟಿ ಎಲ್ಲಾ ಬೆಳ್ಳಗ ಕಾರಿಕೊಂಡಿತ್ತು. ಮೀನು ಎರಡೂ ಒಳಗ ಹೋಗದ ಸುತ್ತಲ ತಿರಗತಿದ್ವು.

ಮಾವಗ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದೆ. ರೊಟ್ಟಿ ಅಂದ ಕೂಡ್ಲೆ ಮಾವ ನನ್ನ ಮಾತು ಕಡದ. ಆಮ್ಯಾಲ ಹೇಳಿದ: ಎಲ್ಲಾ ಕಸಾ ತಗೀರಿ, ಕ್ಯಾನಿನ್ಯಾಗಿರೂ ಉಪ್ಪುನೀರು ಹಾಕಿ ಅರ್ಧಾ ನೀರು ಬದಲಿ ಮಾಡ್ರಿ, ಹೂವು ಸತ್ತು ಕೊಳತ್ರ ಅದರ ವಿಷಕ್ಕ ಮೀನೂ ಉಳಿಯಂಗಿಲ್ಲ. ನೀರು ತಿಳಿ ಆದಮ್ಯಾಲ ಹಸಿ ಸೀಗಡಿ ಚೂರು ಕೊಟ್ಟು ನೋಡ್ರಿ, ಹಿಡಕೊಂಡ್ರ ಬದಕತೈತಿ.

ಹೊಸ್ತಿಲಾ ದಾಟಿ ತತ್ತಿ ಸೈತ ಬರದ ಮನಿ ನಮ್ಮದು. ಕೇಕ್ ತಿನ್ನೂದಿದ್ರೂ ಕಟ್ಟಿ ಮ್ಯಾಲ ಕುಂತು ತಿನ್ನಬೇಕು. ಅಂಥಾದ್ರಾಗ ಸೀಗಡಿ ಅನ್ನೂ ಮಾತು ಪಡಸಾಲ್ಯಾಗ ಬಂದು ಬಿತ್ತು. ಎಲ್ಲಾರೂ ಆಯಿ ಮಾರಿ ನೋಡಿದ್ವಿ.

ಆಯಿ ಮುಂಜಾನಿಯಿಂದ ತಾಟು ಮುಟ್ಟಿರಲಿಲ್ಲ. ಅವ್ವ ಹತ್ರ ಬಂದು, "ಅತ್ತಿ, ಸಕ್ಕರಿ ಬ್ಯಾನಿ ಗುಳಿಗಿ ನುಂಗೀರಿ, ಒಂದ್ ತುತ್ತರ ತಿನ್ರಿ" ಅಂದ್ಲು.

"ನಾ ತಿನಿಸಿದ್ದಕ್ಕ ಅದು ಬಾಯಿ ಮುಚ್ಚೇತಿ. ಅದು ತಗೀಲಿ, ನಾನೂ ತಗೀತೀನಿ" ಅಂದ ಆಯಿ, ಅಪ್ಪನ ಕಡೆ ತಿರಗಿದ್ಲು. "ಹೋಗಿ ತಾ. ಅಡಗಿಮನಿ ಕಡೆ ಮಾತ್ರ ತರಬ್ಯಾಡ."

ರೋಣದಾಗ ತಂದ್ರ ಸಂಜಿಗೆ ಇಡೀ ಪ್ಯಾಟಿಗೆ ಗೊತ್ತಾಗತೈತಿ ಅಂತ ಅಪ್ಪ ಗಜೇಂದ್ರಗಡಕ್ಕ ಗಾಡಿ ಹೊಡದ. ಹಿಂದ ನಾ. ಅವ ಮಾರಿಗೆ ಟಾವೆಲ್ ಸುತ್ತಿ, ಮ್ಯಾಲ ಹೆಲ್ಮೆಟ್ ಹಾಕಿದ್ದು ನೋಡಿದ್ರ ಬ್ಯಾಂಕ್ ಒಡ್ಯಾಕ ಹೊಂಟಂಗಿತ್ತು. ಮೀನಿನ ಅಂಗಡಿ ಮುಂದ ನಿಂತು, ಕಡ್ಲಿ ಕೇಳಿದಂಗ, ಹೊಸ ಮಾಲ ಐತೇನ್ರಿ ಅಂದ. ಎಷ್ಟು ಬೇಕು ಅಂದ್ರ, ಒಂದು ಅಂದ. ಅಂಗಡಿಯವ ಒಂದು ಕಿಲೋ ತೂಗಾಕ ಹತ್ತಿದ. ಕಿಲೋ ಅಲ್ಲ, ಒಂದ ಸೀಗಡಿ ಅಂದ ಅಪ್ಪ.

"ಮನ್ಯಾಗ ಎಷ್ಟು ಮಂದಿ ಅದೀರಿ ಯಜಮಾನ್ರ?"

"ತಿನ್ನೂದು ಒಂದ ಹೂವು" ಅಂದ ನಮ್ಮಪ್ಪ. ಅಂಗಡಿಯವ ರೊಕ್ಕಾ ತಗೊಳ್ಳದ ಕೈ ಮುಗದು ಕಳಿಸಿದ.

ನಾವು ಬರೂದ್ರಾಗ ಅವ್ವ ಕಸಾ ತಗದು ಅರ್ಧಾ ನೀರು ಬದಲಿ ಮಾಡಿದ್ಲು. ಸೀಗಡಿ ಕಿಟಕ್ಯಾಗಿಂದ ಒಳಗ ಬಂತು. ಅವ್ವ ದೇವರ ಕ್ವಾಣಿ ಬಾಗಲಾ ಹಾಕಿದ್ಲು. ಆಯಿ ಗಾಜಿನ ಮಗ್ಗಲಕ ನೆಲದ ಮ್ಯಾಲ ಕುಂತಿದ್ಲು, ಸಕ್ಕರಿ ಇಳದು ಕೈ ಸಣ್ಣಗ ನಡಗತಿದ್ವು. ನಾ ಚಿಮಟ್ಯಾಗ ಚೂರು ಹಿಡದು ಹೂವಿನ ಮ್ಯಾಲ ಇಟ್ಟೆ. ಹಿಡೀಲಿಲ್ಲ, ಜಾರಿ ಬಿತ್ತು. ಮತ್ತ ಇಟ್ಟೆ, ಮತ್ತ ಬಿತ್ತು.

ಆಗ ದೊಡ್ಡ ಮೀನು ಬಂದು ಚೂರು ಕಚ್ಚಿಕೊಂತು. ತಿಂದ ಬಿಡ್ತು ಅಂತ ಅಪ್ಪ ಹೆಲ್ಮೆಟ್ ಮ್ಯಾಲ ಬಡಕೊಂಡ. ತಿನ್ನಲಿಲ್ಲ. ಅದನ್ನ ಒಯ್ದು, ತಲಿ ಹಾಕಿ, ಮುದುಡಿದ ಹೂವಿನ ನಟ್ಟನಡುವ ತುರುಕಿತು. ಚೂರು ಜಾರಿತು. ಮತ್ತ ಹಿಡದು ಮತ್ತ ತುರುಕಿ, ಅಲ್ಲೇ ಮೈ ಒತ್ತಿ ನಿಂತಿತು. ಒಂದು ಬೆರಳು ಅಲಗ್ಯಾಡ್ತು. ಅದರ ಬಾಜೂದ್ದು ಎದ್ದಿತು. ಎಲ್ಲಾ ಸಾವಕಾಶ ಒಳಗ ಬಾಗಿದ್ವು, ನಡುವಿನ ಬಾಯಿ ತೆರೀತು, ಚೂರು ಒಳಗ ಹೋತು.

ಇದನ್ನ ಯಾರಿಗೆ ಹೇಳಿದ್ರೂ ನಾ ಒಂದಕ್ಷರಾ ಕೂಡಸಂಗಿಲ್ಲ. ಕೂಡಸಾಕ ಇದರಾಗ ಜಾಗಾನ ಇಲ್ಲ.

ಆಯಿ ಗಾಜಿಗೆ ಅಂಗೈ ಹಚ್ಚಿ, "ಉಣಸೂದು ನಿನಗ ಬರತೈತಿ ನೋಡವ್ವಾ" ಅಂತ ಆ ಮೀನಿಗೆ ಹೇಳಿದ್ಲು. ಅವ್ವ ಆಗಲೇ ಓಡಿ ಹೋಗಿ ತಾಟು ತಂದಿದ್ಲು. ಆಯಿ ರೊಟ್ಟಿ ಮುರದು ಪಲ್ಯಾ ಹಚ್ಚಿಕೊಂಡ್ಲು. ಆಕಿ ಎರಡನೇ ತುತ್ತು ನುಂಗಿದ ಮ್ಯಾಲ ಅಪ್ಪ ತಲಿ ಮ್ಯಾಲಿನ ಹೆಲ್ಮೆಟ್ ತಗದ.